ಒಂದು ಚಮಚ ಮೊಸರು

ಮುಂಬಯಿ ಹತ್ತಿರದ ಡೊಂಬಿವಲಿಯ ಆ ಚಾಳಿನಲ್ಲಿ ಮರಗಮ್ಮನ ಬಾಯಿಗೆ ಎದುರಿಲ್ಲ. ಅಂಥವಳೇ ಆ ವಾರ ಮಂಕಾಗಿದ್ದಳು. ನಾಲ್ಕು ವರ್ಷದ ಮೊಮ್ಮಗಳು ಮಲ್ಲಿಕಾಳ ಕೆನ್ನೆ ಮತ್ತೆ ಊದಿತ್ತು. ರೊಟ್ಟಿ ಹಾಗಿರಲಿ, ಮೆತ್ತಗೆ ಅನ್ನ ಕಲಸಿಕೊಟ್ಟರೂ ಅಳು. ಎಂಟು ಹಲ್ಲು ಹುಳುಕು, ಎರಡರಲ್ಲಿ ಕೀವು. ಹಲ್ಲಿನ ಡಾಕ್ಟರ ಕುರ್ಚಿ ಕಂಡರೆ ಸಾಕು, ಹುಡುಗಿ ಕಿರುಚಿ ರಂಪ ಮಾಡುತ್ತಿದ್ದಳು. ಅದಕ್ಕೇ ಅವರು ಆಸ್ಪತ್ರೆಯಲ್ಲಿ ಅರಿವಳಿಕೆ ಕೊಟ್ಟು, ಪೂರ್ತಿ ನಿದ್ದೆ ಮಾಡಿಸಿ, ಒಂದೇ ಸಲಕ್ಕೆ ಎಲ್ಲ ಹಲ್ಲೂ ಸರಿಮಾಡೋಣ ಎಂದಿದ್ದರು.

“ಹಾಲಹಲ್ಲು, ತಾವಾ ಬೀಳ್ತಾವ. ಅದಕ್ಕ್ಯಾಕ ಕೂಸಿಗಿ ಎಚ್ಚರ ತಪ್ಸೋದು? ಏಳದೇ ಹೋದ್ರ?” ಎಂದು ಮರಗಮ್ಮ ಸೊಸೆ ಜ್ಯೋತಿಯನ್ನು ಗದರಿದಳು. ಗದರಿದಳೇ ಹೊರತು, ಒಳಗೆ ಜೀವ ಹಿಡಿಯಷ್ಟಾಗಿತ್ತು.

ಪಕ್ಕದ ಮನೆಯ ಜಯಲತಾ ಉಡುಪಿ ಕಡೆಯವಳು, ಕಲ್ಯಾಣದ ಆಸ್ಪತ್ರೆಯಲ್ಲಿ ನರ್ಸ್. ಮಲ್ಲಿಕಾಳನ್ನು ತೋರಿಸಿದ್ದೂ ಅಲ್ಲೇ.

“ಅಜ್ಜಿ, ದವಡೆಯ ಹಾಲಹಲ್ಲು ಬೀಳ್ಲಿಕ್ಕೆ ಇನ್ನೂ ಆರೇಳು ವರ್ಷ ಉಂಟು. ಅಷ್ಟು ದಿನ ಮಗು ನೋವು ತಿನ್ಬೇಕಾ?”

“ಏನರ ಆದ್ರ, ತಂಗಿ?”

“ಅಪಾಯ ಇಲ್ಲವೇ ಇಲ್ಲ ಅಂತ ಸುಳ್ಳು ಹೇಳುದಿಲ್ಲ. ಆರೋಗ್ಯವಾಗಿರುವ ಮಕ್ಕಳಿಗೆ ದೊಡ್ಡ ತೊಂದರೆ ಆಗುದು ಬಹಳ ಅಪರೂಪ. ಅರಿವಳಿಕೆ ಡಾಕ್ಟ್ರು ಬೇರೆಯೇ ಇರ್ತಾರೆ. ಮಗುವಿನ ಉಸಿರು, ಎದೆಬಡಿತ ನೋಡುದೇ ಅವರ ಕೆಲಸ. ನಾವು ಮಾಡ್ಬೇಕಾದ್ದು, ಅವರು ಹೇಳಿದ ಹೊತ್ತಿನಿಂದ ಹೊಟ್ಟೆ ಖಾಲಿ ಇಡುದು. ಹಾಲು, ಬಿಸ್ಕಿಟು ಏನೂ ಬೇಡ. ನೀರು ಕೂಡ ಅವರು ಹೇಳಿದ ಹೊತ್ತಿನವರೆಗೆ ಮಾತ್ರ.”

ಮರಗಮ್ಮ ಅರೆಮನಸ್ಸಿನಿಂದ ಒಪ್ಪಿದಳು. ಆದರೆ ಮುಖ್ಯ ಕೆಲಸಕ್ಕೆ ಹೊರಟವರು ಅವಳ ಮನೆಯಲ್ಲಿ ಬಾಯಿಗೆ ಮೊಸರು ಸಕ್ಕರೆ ಹಾಕಿಕೊಳ್ಳದೆ ಹೊಸ್ತಿಲು ದಾಟಿದ್ದುಂಟೇ? ಆಸ್ಪತ್ರೆಗೆ ಹೊರಡುವ ದಿನ ಜ್ಯೋತಿ ಬೆನ್ನು ತಿರುಗಿಸಿದ್ದೇ ತಡ, ಒಂದು ಚಮಚ ಮಲ್ಲಿಕಾಳ ಬಾಯಿಗಿಟ್ಟಳು. ಚಮಚ ಮೊಸರು ಊಟವೇ? ದೇವರು ಕಾಪಾಡಲಿ ಎಂದು ಕೊಟ್ಟದ್ದು.

ಬೆಳಿಗ್ಗೆಯಿಂದ ಮಗು ಏನಾದರೂ ತಿಂದಿದೆಯೇ ಎಂದು ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರಮ್ಮ ಹಿಂದಿಯಲ್ಲಿ ಕೇಳಿದರು: “ಸುಬಹ ಸೇ ಕುಛ ಖಾಯಾ?”

“ಕುಛ ನಹೀ,” ಏನೂ ಇಲ್ಲ ಎಂದಳು ಜ್ಯೋತಿ.

ಮರಗಮ್ಮ ಮೊಮ್ಮಗಳನ್ನು ಹತ್ತಿರ ಎಳೆದುಕೊಂಡಳು. ಹೇಳಿದರೆ ಎಲ್ಲರೆದುರು ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ಕೂಸಿಗೆ ಏನಾದೀತೋ!

“ಡಾಕ್ಟರ್, ಮೈ ದಹೀ ಖಿಲಾಯಾ... ಒಂದಾ ಚಮಚ,” ಎಂದು ಮೊಸರು ತಿನಿಸಿದ್ದನ್ನು ಹೇಳಿಬಿಟ್ಟಳು.

ಡಾಕ್ಟರಮ್ಮ ಬೈಯಲಿಲ್ಲ. “ಆಜ್ ನಹೀ,” ಇವತ್ತು ಬೇಡ ಎಂದು ಕಾಗದ ಮುಚ್ಚಿಟ್ಟರು. ಹಲ್ಲಿನ ಡಾಕ್ಟರಿಂದ ಕೀವಿಗೆ ಔಷಧ ಬರೆಸಿ ಮುಂದಿನ ವಾರ ಬರಹೇಳಿದರು.

ಅಲ್ಲೇ ಕೆಲಸದಲ್ಲಿದ್ದ ಜಯಲತಾ ಬಿಡಿಸಿ ಹೇಳಿದಳು: “ಅರಿವಳಿಕೆಯಲ್ಲಿ ಹೊಟ್ಟೆಯದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೇ ಅಪಾಯ ಅಜ್ಜಿ. ನೀವು ಬಾಯಿ ಬಿಟ್ಟದ್ದೇ ಒಳ್ಳೆದಾಯ್ತು.”

ಮನೆಗೆ ಮರಳುವ ಲೋಕಲ್ ರೈಲಿನಲ್ಲಿ ಜ್ಯೋತಿ ಮುಖ ಗಂಟು ಹಾಕಿ ಕೂತಿದ್ದಳು. “ಒಂದಿನ ರಜಾ ಹಾಳಾತು, ಅತ್ತಿ.”

“ತಪ್ಪಾತವ್ವಾ. ಆದ್ರ ನೋಡು, ಒಂದ್ ಚಮಚ ಮೊಸರಿಗಿ ಇಷ್ಟು ಅಂಜ್ತಾರಂದ್ರ, ನಮ್ಮ ಕೂಸಿನ ಜೀವ ಅವ್ರಿಗಿ ಎಷ್ಟು ದೊಡ್ಡದಿರಬೇಕು! ಇನ್ನ ನಂಗ ಅಂಜಿಕಿ ಇಲ್ಲ.”

ಮುಂದಿನ ವಾರ ಮೊಸರಿನ ಪಾತ್ರೆಯನ್ನು ಜಯಲತಾಳ ಮನೆಗೇ ಸಾಗಿಸಿದಳು. ಬಿಸ್ಕಿಟ್ ಡಬ್ಬವೂ ಹಿಂದೆಯೇ ಹೋಯಿತು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳುವ ಮೊದಲೇ, “ಕುಛ ನಹೀ ಖಿಲಾಯಾ, ಡಾಕ್ಟರ್!” ಎಂದು ಕೂಗಿದಳು.

ಎರಡು ತಾಸಿನ ಮೇಲೆ ಮಲ್ಲಿಕಾ ಎಚ್ಚರಾಗಿ, “ಆಯೀ, ಘರ್ ಚಲೋ,” ಎಂದು ಅಜ್ಜಿಯನ್ನು ಕರೆದು, ಮನೆಗೆ ಹೋಗೋಣವೆಂದು ಅಳತೊಡಗಿದಳು. ಆ ಅಳು ಕೇಳಿ ಮರಗಮ್ಮನೂ ಅತ್ತಳು. ಸಂಜೆ, ತಿನಿಸಬಹುದೆಂದು ಡಾಕ್ಟರು ಹೇಳಿದ ಮೇಲೆ, ಒಂದು ಚಮಚ ಮೊಸರು ಮೊಮ್ಮಗಳ ಬಾಯಿಗಿಟ್ಟಳು. ಸಕ್ಕರೆ ಮಾತ್ರ ಹಾಕಲಿಲ್ಲ.

ತಾಯಂದಿರೇ, ಅಜ್ಜಿಯರೇ, ನಿಮ್ಮ ಮಗುವಿಗೂ ಹೀಗೆ ಅರಿವಳಿಕೆ ಬೇಕೆಂದರೆ ಹೆದರಿ ಓಡಬೇಡಿ, ಪ್ರಶ್ನೆ ಕೇಳಿ. ಅರಿವಳಿಕೆ ಡಾಕ್ಟರು ಯಾರು, ಎದ್ದ ಮೇಲೆ ನೋಡಿಕೊಳ್ಳುವವರು ಯಾರು ಎಂದು ತಿಳಿದುಕೊಳ್ಳಿ. ನೆಗಡಿ, ಜ್ವರ, ದಮ್ಮು, ಔಷಧ ಏನಿದ್ದರೂ ಹೇಳಿ. ಮಗು ಒಂದು ತುತ್ತು ತಿಂದಿದ್ದರೂ, ಬೈದಾರೆಂದು ಮುಚ್ಚಿಡಬೇಡಿ. ತಾರೀಖು ಮುಂದೆ ಹೋದರೆ ಹೋಗಲಿ, ಮರಗಮ್ಮನ ಹಾಗೆ ಬಾಯಿಬಿಟ್ಟು ಹೇಳಿಬಿಡಿ.