ನಡುಮನೆಯಲ್ಲಿ ಹಿತ್ತಾಳೆ ಕಂಬ

ಕೆಲವರ ಬಾಯಲ್ಲಿ ಜನ್ಮಕ್ಕೂ 'ಬೇಡ' ಅನ್ನುವ ಮಾತು ಬರುವುದಿಲ್ಲ. ಅಂಥವರನ್ನು ಕಂಡರೆ ಲೋಕಕ್ಕೆ ಬಲು ಪ್ರೀತಿ. ಅವಳ ಗಂಡ ಆ ಪೈಕಿಯವನು. ಮನೆಗಳಿಗೆ ಫಾಲ್ಸ್ ಸೀಲಿಂಗ್ ಹಾಕುವ ಕೆಲಸ ಅವನದು. ಗಿರಾಕಿ ಏನೇ ಕೇಳಲಿ, "ಆಗ್ಲಿ, ಮಾಡೋಣ" ಅನ್ನುತ್ತಿದ್ದ. ಮಾಡಲು ಮನಸ್ಸಿಲ್ಲದಿದ್ದರೆ ಹಲಗೆ ಸಿಕ್ಕಿಲ್ಲ, ಆಳು ಬಂದಿಲ್ಲ ಅಂತ ನೆಪ ಹೇಳುತ್ತಾ, ಗಿರಾಕಿಯೇ ಸುಸ್ತಾಗಿ ಆಸೆ ಬಿಡುವ ತನಕ ಎಳೆಯುತ್ತಿದ್ದ. "ಪುಣ್ಯ ಮಾಡಿದ್ದೀಯ ಕಣೆ, ನನ್ನ ತಮ್ಮ ಯಾವತ್ತಾದ್ರೂ ನಿನ್ನ ಮಾತು ತೆಗೆದುಹಾಕಿದ್ದಾನಾ?" ಅಂತ ಗಂಡನ ಅಕ್ಕ ಬಂದಾಗಲೆಲ್ಲ ಹೇಳುವಳು. ಹೌದಲ್ಲ ಅಂತ ಅವಳೂ ನಂಬಿಕೊಂಡಿದ್ದಳು.

ಅವಳದು ಹಲ್ಲಿನ ಸೆಟ್ ತಯಾರಿಸುವ ಲ್ಯಾಬಿನಲ್ಲಿ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಕತ್ತು ಬಗ್ಗಿಸಿಕೊಂಡು ಮೇಣದ ಒಸಡಿಗೆ ಹಲ್ಲು ಜೋಡಿಸುವುದು, ಮೇಲಿನ ಸಾಲು ಕೆಳಗಿನ ಸಾಲಿಗೆ ಸರಿಯಾಗಿ ಕೂರುತ್ತದೋ ಅಂತ ನಡುವೆ ಬಣ್ಣದ ಕಾಗದ ಇಟ್ಟು ಕಚ್ಚಿಸಿ ನೋಡುವುದು. ಎದುರಿನ ಕಟ್ಟಡದ ಮೇಲಂತಸ್ತಿನಲ್ಲಿ ಕಂಬ ಹಿಡಿದು ಕುಣಿಯುವುದನ್ನು ಕಲಿಸುವ ಕ್ಲಾಸೊಂದಿತ್ತು. ಕತ್ತುನೋವಿಗೆ ಒಳ್ಳೆಯದಂತೆ ಅಂತ ಯಾರೋ ಅಂದದ್ದಕ್ಕೆ ಹೋದವಳು, ಮೊದಲ ವಾರ ತೊಡೆಯೆಲ್ಲ ಕಂದುಗಟ್ಟಿಸಿಕೊಂಡು ಬಂದಳು. ಆದರೂ ಬಿಡಲಿಲ್ಲ. ಒಂದು ಸಂಜೆ ಮಂಡಿಯ ಸಂದಿಗೆ ಕಂಬ ಸಿಕ್ಕಿಸಿ, ಎರಡೂ ಕೈ ಬಿಟ್ಟು ತಲೆಕೆಳಗಾಗಿ ತೂಗಿದಳು. ನಲವತ್ತು ದಾಟಿದ ಮೇಲೆ ತನ್ನ ಮೈ ತನ್ನ ಮಾತು ಕೇಳಿತಲ್ಲ ಅಂತ, ಅಬ್ಬಾ, ಆ ಸಂತೋಷ! ಮನೆಗೆ ಬರುವಾಗ ಬಸ್ಸಿನಲ್ಲಿ ಒಬ್ಬಳೇ ನಕ್ಕಳು.

ಆ ಕ್ಲಾಸೇ ಮುಚ್ಚಿಹೋಯಿತು. ಟೀಚರ್ ಬೇರೆ ಊರಿಗೆ ಹೊರಟಿದ್ದಳು. "ಮನೇಲಿ ಒಂದು ಕಂಬ ಹಾಕಿಸ್ಕೊಂಡುಬಿಡಿ ಅಕ್ಕಾ. ಈ ವಯಸ್ಸಲ್ಲಿ ಮಧ್ಯೆ ಬಿಟ್ರೆ ಮತ್ತೆ ಮೈ ಬಗ್ಗಲ್ಲ" ಅಂದಳು. ಈ ಊರಲ್ಲಿ ಇನ್ನೊಂದು ಕ್ಲಾಸಿರಲಿಲ್ಲ. ಮನೆಯಲ್ಲಿ ಕಂಬ ಇದ್ದರೆ ಕುಣಿತ, ಇಲ್ಲದಿದ್ದರೆ ಮತ್ತೆ ಕತ್ತುನೋವು, ಅಷ್ಟೇ.

ಅಂಜುತ್ತಲೇ ಗಂಡನನ್ನು ಕೇಳಿದಳು. "ಅದಕ್ಕೇನಂತೆ, ಹಾಕಿದ್ರಾಯ್ತು" ಅಂದ ಅವನು. ತಲೆ ಕೂಡ ಎತ್ತಲಿಲ್ಲ.

ವ್ಯಾಯಾಮದ ಸಾಮಾನಿನ ಅಂಗಡಿಗೆ ಇಬ್ಬರೂ ಕೂಡಿಯೇ ಹೋದರು. ಅಂಗಡಿಯವಳು ದಪ್ಪ ದನಿಯ ಗಟ್ಟಿಗಿತ್ತಿ. ಮೊದಲು ಇವಳ ಅಂಗೈ ಹಿಡಿದು ತಿರುಗಿಸಿ ನೋಡಿದಳು. "ಕೈ ಚಿಕ್ಕದು, ಸಪೂರದ ಕಂಬಾನೇ ತಗೊಳ್ಳಿ. ದಪ್ಪದ್ದು ಹಿಡಿತಕ್ಕೇ ಸಿಗಲ್ಲ. ಬೆವರುತ್ತಾ?"

"ಬೆವರುತ್ತೆ" ಅಂದಳು ಇವಳು, ತಪ್ಪು ಒಪ್ಪಿಕೊಂಡಂತೆ.

"ಹಾಗಾದ್ರೆ ಈ ಹೊಳೆಯೋ ಸ್ಟೀಲು ಬೇಡ, ಜಾರುತ್ತೆ. ಹಿತ್ತಾಳೇದು ತಗೊಳ್ಳಿ, ಬೆವರು ಕೈಗೂ ಅಂಟಿಕೊಳ್ಳುತ್ತೆ."

ಇವಳು ಹಿತ್ತಾಳೆಯದನ್ನು ಹಿಡಿದು ನೋಡಿದಳು. ಬೆರಳು ಸುತ್ತಿ ಬಂದು ಹೆಬ್ಬೆರಳಿಗೆ ಮುಟ್ಟಿತು. ಅಂಗಡಿ ಅನ್ನುವುದನ್ನೂ ಮರೆತು ಒಂದು ಕಾಲು ಎತ್ತಿ ಕಂಬಕ್ಕೆ ಸುತ್ತಿದಳು. ಗಂಡ ಆಚೀಚೆ ನೋಡಿ, "ಏಯ್, ಜನ ಇದಾರೆ" ಅಂದ.

ಇನ್ನು ಒಂದೇ ಉಳಿದಿತ್ತು. ಮೇಲೆ ಬೋಲ್ಟ್ ಹೊಡೆದು ಕೂರಿಸುವ ಕಂಬವೋ, ನೆಲಕ್ಕೂ ಸೂರಿಗೂ ನಡುವೆ ತಿರುಪಿನಿಂದ ಬಿಗಿದು ನಿಲ್ಲಿಸುವ ಕಂಬವೋ? ಇವಳಿಗೆ ಬೋಲ್ಟಿನದ್ದೇ ಮನಸ್ಸಿಗೆ ಬಂದಿತ್ತು. ಗಂಡ, "ನನ್ನ ಸೀಲಿಂಗ್‌ಗೆ ನಾನೇ ತೂತು ಹೊಡೀಲಾ? ಬಿಗಿಯೋದೇ ಇರ್ಲಿ, ಬೇಕಾದಾಗ ತೆಗೀಬಹುದು" ಅಂದ.

"ಬಿಗಿಯೋದಾದ್ರೆ ಮೇಲೆ ಕಾಂಕ್ರೀಟೇ ಇರ್ಬೇಕು ಸಾರ್. ಫಾಲ್ಸ್ ಸೀಲಿಂಗ್‌ಗೆ ಒತ್ತು ಕೊಟ್ರೆ ಹಪ್ಪಳ ಮುರಿದ ಹಾಗೆ ಮುರಿಯುತ್ತೆ."

"ನನಗೇ ಸೀಲಿಂಗ್ ಪಾಠಾನಾ?" ಅಂತ ಅವನು ನಕ್ಕ. ಅಂಗಡಿಯವಳೂ ನಕ್ಕಳು. ತನ್ನ ಗಂಡನಿಗೆ ಎಷ್ಟೆಲ್ಲ ಗೊತ್ತು ಅಂತ ಇವಳಿಗೂ ಹೆಮ್ಮೆ, ಪಾಪ.

ಅವರ ನಡುಮನೆ ಅಂದರೆ ಅವನ ಅಂಗಡಿಯ ಷೋಕೇಸ್ ಇದ್ದ ಹಾಗೆ. ಗಿರಾಕಿಗಳನ್ನು ಅಲ್ಲಿಗೇ ಕರೆತಂದು ಕತ್ತೆತ್ತಿಸಿ ತೋರಿಸುವನು: ಎಲ್ಲಿಯೂ ಸಂದು ಕಾಣದು, ಒಂದೇ ಹಾಳೆಯಂತೆ ಬಿಳಿ. ಅದರ ನಡುವೆ ಕಾಂಕ್ರೀಟಿನ ತೊಲೆಯೊಂದು ಕೆಳಗೆ ಇಳಿದು ಸೀಲಿಂಗ್ ಹಲಗೆಯ ಮಟ್ಟಕ್ಕೇ ಬಂದು ನಿಂತಿತ್ತು. ತೊಲೆ ಎಲ್ಲಿ, ಟೊಳ್ಳು ಎಲ್ಲಿ ಅನ್ನುವುದು ಬಣ್ಣದ ಕೆಳಗೆ ಯಾರಿಗೂ ತಿಳಿಯದು, ಅವನೊಬ್ಬನ ಹೊರತು. ಏಣಿ ಹತ್ತಿ ಪೆನ್ಸಿಲಿನಲ್ಲಿ ಗುರುತು ಹಾಕಿದ. "ಇಲ್ಲೇ ತೊಲೆ. ಇಲ್ಲೇ ನಿಲ್ಲಿಸು."

ಒಂದು ಹಲ್ಲನ್ನೂ ಕಚ್ಚಿಸಿ ನೋಡದೆ ಲ್ಯಾಬಿನಿಂದ ಆಚೆ ಕಳಿಸದ ಹೆಂಗಸು, ಗಂಡ ಹಾಕಿದ ಗುರುತನ್ನು ಪೊರಕೆಯ ಹಿಡಿಯಿಂದ ಒಂದು ಸಲ ತಟ್ಟಿ ನೋಡಲಿಲ್ಲ. ಯಾಕೆ ನೋಡುತ್ತಾಳೆ?

ಇಬ್ಬರೂ ಸೇರಿ ಕಂಬ ನಿಲ್ಲಿಸಿದರು. ಅವನು ತಿರುಪು ಬಿಗಿದ. ಬಿಗಿಯುತ್ತಾ ಬಿಗಿಯುತ್ತಾ ಮೇಲೆ ನೋಡಿದ, ಮತ್ತೆ ಬಿಗಿದ, ಮತ್ತೆ ನೋಡಿದ. ಕಂಬ ಗಟ್ಟಿಯಾಗಿ ನಿಂತಿತು. ಅವನು ಬೆವರು ಒರೆಸಿಕೊಂಡು ಸೋಫಾದಲ್ಲಿ ಕೂತ.

ಇವಳು ಅಂಗೈ ಒರೆಸಿಕೊಂಡು, ಕಾಲು ಸುತ್ತಿ, ಸರಸರನೆ ಮೇಲಕ್ಕೆ ಹೋದಳು. ಸೀಲಿಂಗ್ ಕೈಗೆಟಕುವಷ್ಟು ಎತ್ತರದಿಂದ, "ಹೇಗಿದೆ ರೀ?" ಅಂದಳು.

"ಜೋಪಾನ" ಅಂದ ಅವನು.

ಇವಳು ಮೈ ಹೊರಕ್ಕೆ ಚೆಲ್ಲಿ ತಿರುಗಿದಳು. ಮೇಲೆ ಲಟಕ್ಕೆಂದಿತು. ಕಂಬ, ಬಿಳಿ ಪುಡಿ, ಹಲಗೆಯ ಚೂರು, ಇವಳು, ಎಲ್ಲ ಒಟ್ಟಿಗೇ ನೆಲಕ್ಕೆ ಬಂದವು.

ಬಲಗೈ ಮಣಿಕಟ್ಟು ಮುರಿದಿತ್ತು. ಕಟ್ಟು ಹಾಕಿಸಿಕೊಂಡು ಮನೆಗೆ ಬಂದವಳಿಗೆ ಅವನೇ ತಲೆ ಬಾಚಿದ, ಅವನೇ ತುತ್ತು ಮಾಡಿ ಉಣ್ಣಿಸಿದ. ನೋಡಲು ಬಂದವರು ಕಣ್ಣರಳಿಸಿದರು. ಗಂಡನ ಅಕ್ಕನಂತೂ, "ಈ ವಯಸ್ಸಲ್ಲಿ ಕಂಬ ಹತ್ತೋಕೆ ನೀನೇನು ಕೋತಿ ಏನೇ? ನನ್ನ ತಮ್ಮ ಆಗಿದ್ದಕ್ಕೆ ಸಹಿಸ್ಕೊಂಡ, ಬೇರೆಯವನಾಗಿದ್ರೆ!" ಅಂತ ಮೂಗು ಮುರಿದಳು. ಅವನು ತಲೆ ತಗ್ಗಿಸಿ, "ಹೋಗ್ಲಿ ಬಿಡಕ್ಕಾ, ಅವಳಿಗೆ ಆಸೆ ಇತ್ತು" ಅಂದ. ಇವಳಿಗೂ ತಪ್ಪು ತನ್ನದೇ ಅನ್ನಿಸಿ ಅಳು ಬಂತು.

ಆದರೆ ಅವನಿಗೊಂದು ಅವಸರ ಹುಟ್ಟಿತ್ತು. ಅಡುಗೆಮನೆಯ ಸೂರಿನ ಬಿರುಕನ್ನು ವರ್ಷಗಟ್ಟಲೆ 'ಮಾಡೋಣ, ಮಾಡೋಣ' ಅಂತ ತಳ್ಳಿದವನು, ಈ ತೂತು ಮುಚ್ಚಲು ಮಾರನೆಯ ಬೆಳಿಗ್ಗೆಯೇ ಹಲಗೆ ತಂದು ಗೋಡೆಗೆ ಒರಗಿಸಿದ್ದ. ಸಂದು ಮೆತ್ತುವ ಪುಟ್ಟಿ ತರಲು ಅವನು ಆಚೆ ಹೋದಾಗ, ಸೋಫಾದಲ್ಲಿ ಅಂಗಾತ ಮಲಗಿದ್ದ ಇವಳು ಅಷ್ಟೇನು ಆತುರ ಅಂತ ತೂತನ್ನೇ ನೋಡಿದಳು. ಒಳಗೆ ಕತ್ತಲು. ಇಳಿಬಿಟ್ಟ ತಂತಿಗಳು. ಎಂದೋ ತೂಗುದೀಪಕ್ಕೆಂದು ಇಟ್ಟಿದ್ದ ಪ್ಲೈವುಡ್ ತುಂಡು ಸೀಳಿ ನೇತಾಡುತ್ತಿತ್ತು. ಮತ್ತೆ, ತೂತಿನಿಂದ ಒಂದು ಮೊಳ ಆಚೆಗೆ, ತೊಲೆಯ ಅಂಚು.

ಅವಳು ಎದ್ದು ಪೊರಕೆ ತಂದು, ಎಡಗೈಯಲ್ಲಿ ಹಿಡಿದು ಸೂರನ್ನು ತಟ್ಟಿದಳು. ಟೊಳ್ಳು, ಟೊಳ್ಳು, ಟೊಳ್ಳು, ಆಮೇಲೆ ಗಟ್ಟಿ. ಕುರುಡರಿಗೂ ತಿಳಿಯುವಂತಿತ್ತು.

ಅವನು ಪುಟ್ಟಿಯ ಚೀಲ ಹೊತ್ತು ಒಳಗೆ ಬಂದಾಗ ಅವಳು ಪೊರಕೆ ಹಿಡಿದೇ ನಿಂತಿದ್ದಳು. ಅವನ ಮುಖ ಇಳಿಯಿತು.

"ಬಿಗಿಯುವಾಗಲೇ ಬಿರುಕು ಬಿಡುತ್ತೆ ಅಂದ್ಕೊಂಡಿದ್ದೆ ಕಣೆ" ಅಂದ, ಅವಳು ಕೇಳುವ ಮೊದಲೇ. "ಬಿಟ್ರೆ ಈ ಮನೆಗೆ ಆಗಿಬರಲ್ಲ ಅಂತ ವಾಪಸ್ ಕೊಟ್ಟುಬಿಡೋಣ ಅಂತ. ಆ ಪ್ಲೈವುಡ್ ಇರೋದು ಮರೆತುಹೋಗಿತ್ತು, ಬಿಗಿದಾಗ ಅದೇ ಒತ್ತು ತಡ್ಕೊಂಡುಬಿಡ್ತು. ಸೀಲಿಂಗ್ ನೋಡೋಕೆ ಬರೋ ಗಿರಾಕಿಗಳು ಕಂಬ ನೋಡ್ತಾರೆ, ನಿನ್ನ ಬಗ್ಗೆ ಏನೇನೋ..."

"ಬೇಡ ಅನ್ನಬಹುದಿತ್ತಲ್ಲ?"

"ಅಂದಿದ್ರೆ ನಿನಗೆ ಬೇಜಾರಾಗ್ತಿತ್ತು."

ಅವಳ ಮೈ ಉರಿದುಹೋಯಿತು. ಬೇಡ ಅನ್ನುವ ಕೆಲಸವನ್ನೂ ಈ ಮಹಾರಾಯ ಸೀಲಿಂಗಿಗೆ ಒಪ್ಪಿಸಿದ್ದ! "ಅಂದಿದ್ರೆ ಜಗಳ ಆಡ್ತಿದ್ದೆ. ಆಡಿ ಸೋಲ್ತಿದ್ದೆನೋ ಗೆಲ್ತಿದ್ದೆನೋ, ಕೈಯಂತೂ ಮುರೀತಿರಲಿಲ್ಲ. ಸರಿ, ಬಿರುಕು ಬಿಡಲಿಲ್ಲ. ನಾನು ಹತ್ತಿದೆ. ನೀನು ಅಲ್ಲೇ ಕೂತು ನೋಡ್ತಿದ್ದೆ. ಬಾಯಿ ಬಿಡೋಕೆ ಏನಾಗಿತ್ತು ನಿನಗೆ?" ಮದುವೆಯಾದಾಗಿನಿಂದ 'ನೀವು' ಅನ್ನುತ್ತಿದ್ದವಳ ಬಾಯಲ್ಲಿ ಆ 'ನೀನು' ತಾನಾಗಿ ಬಂದಿತ್ತು.

"ಜೋಪಾನ ಅಂದೆನಲ್ಲ" ಅಂದ ಅವನು, ನಿಜಕ್ಕೂ ನೊಂದು.

ಅವಳಿಗೆ ನಗು ಬಂತು. ಕೆಟ್ಟ ನಗು. ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಕೈ ಕೂಡಿಕೊಳ್ಳುವವರೆಗೆ ಮನೆಯಲ್ಲಿ ಬೇಕಾದಷ್ಟೇ ಮಾತು. ಕಟ್ಟು ಬಿಚ್ಚಿದ ವಾರ ಅವನು ಯಾರ ಕೆಲಸಕ್ಕೂ ಹೋಗಲಿಲ್ಲ. ತನ್ನ ಕೈಯಾರೆ ಹಾಕಿದ ಸೀಲಿಂಗನ್ನು ತಾನೇ ಕೊಯ್ದು, ತೊಲೆಯನ್ನು ಬಯಲು ಮಾಡಿ, ಉಕ್ಕಿನ ತಟ್ಟೆ ಇಟ್ಟು ಬೋಲ್ಟ್ ಹೊಡೆದ. ಅಂಗಡಿಯಿಂದ ಬೋಲ್ಟಿಗೆ ಕೂರುವ ತಲೆಭಾಗ ತಂದು ಅದೇ ಹಿತ್ತಾಳೆ ಕಂಬಕ್ಕೆ ಜೋಡಿಸಿದ. ಗಿರಾಕಿಯೊಬ್ಬ ಬಂದು ಕಣ್ಣು ಪಿಳಿಪಿಳಿ ಬಿಟ್ಟಾಗ, "ನನ್ನ ಹೆಂಡತಿ ಕುಣೀತಾಳೆ, ಅವಳಿಗೆ" ಅಂದ. ಒಳಗಿನಿಂದ ಅವಳಿಗೆ ಕೇಳಿಸಿತು. ಅಷ್ಟರಮಟ್ಟಿಗೆ ಅವನು ಬದಲಾಗಿದ್ದ, ಸುಳ್ಳು ಹೇಳಬಾರದು.

ಕೊನೆಗೆ ಅವಳನ್ನು ಕರೆದ. ತಾನೇ ಕಂಬಕ್ಕೆ ಜೋತುಬಿದ್ದ. ಅವಳ ಎರಡರಷ್ಟು ತೂಕದ ಆಳು, ಕಾಲು ಮಡಚಿ ನೇತಾಡಿ, ಜಗ್ಗಿ, ಕುಲುಕಿ ತೋರಿಸಿದ. ಕಂಬ ಒಂದಿಷ್ಟೂ ಮಿಸುಕಲಿಲ್ಲ. ಏದುಸಿರು ಬಿಡುತ್ತಾ, "ಬಾ, ಹಿಡ್ಕೋ. ಇಂಥ ಗಟ್ಟಿ ಕೆಲಸ ನಾನು ಯಾರಿಗೂ ಮಾಡಿಕೊಟ್ಟಿಲ್ಲ" ಅಂದ.

ಅದು ನಿಜ ಅಂತ ಅವಳಿಗೂ ಗೊತ್ತಿತ್ತು. ಪೊರಕೆ ತಂದು ತಟ್ಟಿಯೂ ನೋಡಿದಳು. ಗಟ್ಟಿಯಾಗಿತ್ತು. ಎರಡೂ ಕೈಯಲ್ಲಿ ಕಂಬ ಹಿಡಿದಳು. ಬಲಗೈಗೆ ಮೊದಲಿನ ಬಲವೇ ಬಂದಿತ್ತು. ಒಂದು ಕಾಲು ಸುತ್ತಿದಳು. ಇನ್ನೊಂದನ್ನು ಎತ್ತಬೇಕು, ಕಣ್ಣು ಮೇಲಕ್ಕೆ ಹೋಯಿತು. ಕಾಲು ಏಳಲಿಲ್ಲ. ಉಸಿರೆಳೆದುಕೊಂಡು ಮತ್ತೆ ನೋಡಿದಳು. ಮತ್ತೆ ಕಣ್ಣು ಮೇಲಕ್ಕೇ ಹೋಯಿತು. ಅಷ್ಟು ಚೆನ್ನಾಗಿ ಮಾತು ಕೇಳುತ್ತಿದ್ದ ಮೈ ಅದು.

"ಹೆದರ್ಬೇಡ ಕಣೆ. ನಾನೇ ಅಲ್ವಾ ಹಾಕಿರೋದು?"

"ನೀನು ಹಾಕಿರೋದು ಅಂತಲೇ ಹೆದರಿಕೆ" ಅಂದು ಅವಳು ಕಾಲು ಬಿಡಿಸಿಕೊಂಡು ಇಳಿಸಿದಳು.