ನಿಮಗೊಬ್ಬರಿಗೇ ಹೇಳ್ತಿದೀನಿ

"ಆ ಕುರ್ಚಿ ಎತ್ತಿ ಬಾಗಿಲ ಹತ್ರ ಹಾಕ್ರೀ. ಅವರಿಬ್ಬರೂ ಮಾತಿಗಿಳಿದ್ರೆ ನಿಮ್ಮ ಕೆಲಸ ಹೋಯ್ತು ಅಂತ್ಲೇ ಲೆಕ್ಕ," ಎಂದು ಮಗಳು ಗಂಡನ ಕಿವಿಯಲ್ಲಿ ಉಸುರಿದಳು.

ಅಪ್ಪನ ಸಾವಿಗೆ ಊರಿನ ಎರಡೂ ಇಟ್ಟಿಗೆ ಗೂಡುಗಳ ಯಜಮಾನರು ಬಂದಿದ್ದರು. ಮೇಲಿನ ಗೂಡಿನವರು ಅಳಿಯನಿಗೆ ಸಂಬಳ ಕೊಡುವವರು. ಕೆಳಗಿನ ಗೂಡಿನವರಿಗೂ ಅವರಿಗೂ ಹಾವು ಮುಂಗುಸಿ ಸಂಬಂಧ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕಣ್ಣೊರೆಸಿಕೊಳ್ಳುತ್ತಿದ್ದರು. ನಿಶ್ಚಿಂತೆಯಿಂದ ಅಳುತ್ತಿದ್ದವಳು ಅಮ್ಮ ಒಬ್ಬಳೇ.

*

ಅಪ್ಪ ಎರಡೂ ಗೂಡುಗಳ ಮೇಸ್ತ್ರಿ. ಕೈ ಶುದ್ಧ, ಬಾಯಿ ಸಡಿಲ. ಗೂಡಿನ ಬಿಸಿಗಾಳಿಯಲ್ಲೇ ಹಸಿ ಇಟ್ಟಿಗೆ ಒಣಗಿಸುವ ಉಪಾಯ ಮೇಲಿನವರಿಗೆ ಹೊಳೆದರೆ, ಸಂಜೆಯೊಳಗೆ ಕೆಳಗಿನವರ ಅಂಗಳದಲ್ಲಿ ಟೀ ಹೀರುತ್ತ, "ನಿಮಗೊಬ್ಬರಿಗೇ ಹೇಳ್ತಿದೀನಿ," ಎಂದು ಶುರುಮಾಡುತ್ತಿದ್ದ. ಬೆಂಕಿ ಚೆನ್ನಾಗಿ ಹಿಡಿಯಲೆಂದು ಕೆಳಗಿನವರು ಇಟ್ಟಿಗೆಯನ್ನು ಅಂಕುಡೊಂಕಾಗಿ ಜೋಡಿಸಿದರೆ ಆ ಸುದ್ದಿಯೂ ಹಾಗೇ ಮೇಲಕ್ಕೆ ಹತ್ತುತ್ತಿತ್ತು. ಎರಡೂ ಕಡೆ ಕಲ್ಲಿದ್ದಲು ಅರ್ಧಕ್ಕಿಳಿಯಿತು, ಚಿಮಣಿಯ ಹೊಗೆ ತೆಳುವಾಯಿತು. "ಭೂಮಿ ಕಾಯಿಸೋ ಹೊಗೆ ಇಷ್ಟು ಕಡಿಮೆ ಹೇಗೆ ಮಾಡಿದ್ರಿ?" ಎಂದು ತಪಾಸಣೆಗೆ ಬಂದವರು ಕೇಳಿದಾಗ ಇಬ್ಬರು ಯಜಮಾನರೂ, "ಎಲ್ಲ ನಂದೇ ತಲೆ," ಎಂದಿದ್ದರು.

"ಯಾಕಪ್ಪಾ ಊರಿಗೆಲ್ಲ ಹೇಳ್ತೀಯ?" ಎಂದು ಮಗಳು ಗದರಿದರೆ, "ಹೊಗೆಗೇನು ಬೇಲಿ ಇದೆಯೇನೇ?" ಎನ್ನುತ್ತಿದ್ದ.

*

ಅಪ್ಪನ ಗೆಳೆಯರೆಲ್ಲ ಕೋಲೂರುವವರು. ಶವಪೆಟ್ಟಿಗೆ ಎತ್ತುವ ಹೊತ್ತಿಗೆ ಹೆಗಲು ಸಾಲದೆ, ಯಜಮಾನರಿಬ್ಬರೂ ಮುಂದೆ ಬಂದು ಅಕ್ಕಪಕ್ಕ ನಿಂತರು. ಮಗಳ ಕಣ್ಸನ್ನೆಗೆ ಅಳಿಯ ಓಡಿಹೋಗಿ ಅವರ ಹಿಂದೆ ಹೆಗಲು ಕೊಟ್ಟ.

ರಸ್ತೆಯ ತಿರುವಿನಲ್ಲಿ ಮೇಲಿನವರು ಬಿಕ್ಕಿದರು. "ಅಂಕುಡೊಂಕು ಜೋಡಣೆ ನನಗೊಬ್ಬನಿಗೇ ಹೇಳಿಕೊಟ್ಟಿದ್ದ, ಪುಣ್ಯಾತ್ಮ."

ಕೆಳಗಿನವರು ನಿಂತುಬಿಟ್ಟರು. "ಅದು ನಂದು! ನನಗೆ ಬಿಸಿಗಾಳಿ ಉಪಾಯ ಹೇಳಿದ್ದ."

"ಅದು ನಂದು ಕಣ್ರೀ!" ಮೇಲಿನವರು ಹಿಂದಿದ್ದ ಅಳಿಯನತ್ತ ಕತ್ತು ತಿರುಗಿಸಿದರು. "ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು," ಎಂದ ಅಳಿಯ, ಪೆಟ್ಟಿಗೆಯ ಕೆಳಗಿನಿಂದಲೇ.

ಮೇಲಿನವರು ಪೆಟ್ಟಿಗೆಯನ್ನು ಹೆಗಲ ಮೇಲೆ ಸರಿಮಾಡಿಕೊಂಡು ಕೆಳಗಿನವರತ್ತ ತಿರುಗಿ, "ನಮ್ಮಲ್ಲಿ ಮೂಲೆ ಇಟ್ಟಿಗೆ ಬೇಯೋದೇ ಇಲ್ಲ. ನಿಮ್ಮಲ್ಲಿ?" ಎಂದರು.

"ನಮ್ಮಲ್ಲೂ ಅದೇ ಗೋಳು."

ಪೆಟ್ಟಿಗೆ ರಸ್ತೆ ಬದಿಯ ಕಟ್ಟೆಗಿಳಿಯಿತು. ಕೆಳಗಿನವರು ಜೇಬಿನಿಂದ ಸೀಮೆಸುಣ್ಣ ತೆಗೆದು ಮುಚ್ಚಳದ ಮೇಲೆ ಗೂಡು ಬರೆದರು. ಮೇಲಿನವರು ಬೆರಳಲ್ಲಿ ಒಂದು ಗೋಡೆ ಅಳಿಸಿದರು. ಜಗಳ ಚೆನ್ನಾಗಿ ಕಾವೇರಿತು.

"ಲೇ, ನಾಳೆ ಬೇಗ ಬಾ," ಎಂದರು ಮೇಲಿನವರು ಅಳಿಯನಿಗೆ. "ಇನ್ಮೇಲೆ ಇವರ ಗೂಡಿಗೂ ನೀನೇ ಓಡಾಡ್ಬೇಕು."

ಅಮ್ಮನ ಜೊತೆ ಹಿಂದೆ ಬರುತ್ತಿದ್ದ ಮಗಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಸೆರಗಿನಿಂದ ಮುಚ್ಚಳ ಒರೆಸಲು ಹೋದವಳನ್ನು ಅಮ್ಮ ತಡೆದಳು.

"ಇರಲಿ ಬಿಡೇ. ನಿಮ್ಮಪ್ಪ ಅಲ್ಲೂ ಯಾರಿಗಾದ್ರೂ ಹೇಳ್ದೆ ಇರ್ತಾರಾ?"

ಪೆಟ್ಟಿಗೆ ಮತ್ತೆ ಹೆಗಲೇರಿತು. ಮುಚ್ಚಳದ ಮೇಲೆ ಸೀಮೆಸುಣ್ಣದ ಗೂಡು, ಅದರ ಮೂಲೆಯಲ್ಲೊಂದು ಪ್ರಶ್ನೆ ಗುರುತು.