ನಡೆಯದೇ ಹೋದ ಮೂರನೇ ದಾಳಿ

ಕರ್ನಲ್ ಸಾಹೇಬರನ್ನು ಅವರ ಪಡೆಯ ಸಿಪಾಯಿಗಳು ಬೆನ್ನ ಹಿಂದೆ ‘ಮೇಷ್ಟ್ರು’ ಎನ್ನುತ್ತಿದ್ದರು. ಕಾದಾಟಕ್ಕೆ ಹೊರಡುವ ಮೊದಲು ಜೇಬಿನಿಂದ ಸೀಮೆಸುಣ್ಣ ತೆಗೆದು, ಬಂಡೆಯೋ ಲಾರಿಯ ಬಾಗಿಲೋ ಕೈಗೆ ಸಿಕ್ಕಿದ್ದರ ಮೇಲೆ ನಕ್ಷೆ ಬರೆದು, ಎಲ್ಲರಿಗಿಂತ ಹಿಂದೆ ಅವಿತು ನಿಂತವನನ್ನೇ ಹುಡುಕಿ ಪ್ರಶ್ನೆ ಕೇಳುವುದು ಅವರ ರೂಢಿ. ಸೌಟು ಹಿಡಿಯುವ ಅಡುಗೆಯವನಿಗೂ ಶತ್ರುವಿನ ಮೆಷಿನ್‌ಗನ್ ಎಲ್ಲಿದೆ ಎಂದು ಗೊತ್ತಿರಬೇಕು; ಏನೂ ಗೊತ್ತಿಲ್ಲದೆ ಸಾಯುವುದಕ್ಕೆ ನನ್ನ ಪಡೆಯಲ್ಲಿ ಯಾರಿಗೂ ಅಪ್ಪಣೆಯಿಲ್ಲ ಎನ್ನುತ್ತಿದ್ದರು. ಇಂಥವರು ಕರ್ನಲ್ ಆಗಿಯೇ ನಿವೃತ್ತರಾದರು. ಅವರ ಕೈಕೆಳಗೆ ಬೂಟಿನ ದಾರ ಕಟ್ಟಲು ಕಲಿತವರೆಲ್ಲ ಜನರಲ್‌ಗಳಾಗಿ, ಕಾರಿನ ಮುಂದೆ ಬಾವುಟ ಹಾರಿಸಿಕೊಂಡು ಓಡಾಡಿದರು. ಯಾಕೆ ಹೀಗಾಯಿತು ಎಂದು ಕೇಳಿದವರಿಗೆ ಅವರ ಉತ್ತರ ಒಂದೇ: “ಒಂದು ಸಲ ಬೇಡ ಅಂದಿದ್ದೆ.”

ಅವರಿಗೆ ಎಪ್ಪತ್ತೈದು ತುಂಬಿದ ವರ್ಷ ಸೈನ್ಯದ ಅಕಾಡೆಮಿಯಿಂದ ಪತ್ರ ಬಂತು. ಮೂವತ್ತೈದು ವರ್ಷದ ಹಿಂದೆ ಅವರ ಪಡೆ ಗೆದ್ದುಕೊಂಡ ಗುಡ್ಡದ ನೆನಪಿಗಾಗಿ ಒಂದು ದೊಡ್ಡ ತೈಲಚಿತ್ರ ಬರೆಸಿದ್ದಾರೆ. ಅದರ ಪರದೆ ಸರಿಸಿ, ತರಬೇತಿ ಮುಗಿಸಿ ಹೊರಡುತ್ತಿರುವ ಇನ್ನೂರ ನಲವತ್ತು ಕೆಡೆಟ್‌ಗಳಿಗೆ ಧೈರ್ಯ ಮತ್ತು ನಾಯಕತ್ವದ ಬಗ್ಗೆ ನಾಲ್ಕು ಮಾತು ಹೇಳಬೇಕು. ಭಾಷಣವನ್ನು ಮುಂಚಿತವಾಗಿ ಕಳಿಸಿಕೊಡಬೇಕು ಎಂದಿತ್ತು. ಮೇಷ್ಟ್ರು ಹನ್ನೊಂದು ಪುಟ ಬರೆದು ಕಳಿಸಿದರು. ವಾರದೊಳಗೆ ಅದು ಎರಡು ಪುಟವಾಗಿ ವಾಪಸು ಬಂತು.

ಅವರ ಮಗಳು ಹಲ್ಲಿನ ಡಾಕ್ಟರು. ಮನೆಯ ಮುಂದಿನ ಕೋಣೆಯಲ್ಲೇ ಅವಳ ದವಾಖಾನೆ. ಇಬ್ಬರು ರೋಗಿಗಳ ನಡುವೆ ಸಿಕ್ಕ ಬಿಡುವಿನಲ್ಲಿ ಅಡುಗೆಮನೆಗೆ ಬಂದವಳು ಆ ಎರಡು ಪುಟ ಓದಿದಳು.

“ಅಪ್ಪ, ಇದ್ರಲ್ಲಿ ನೀನು ಎಲ್ಲೂ ಇಲ್ವಲ್ಲ.”

“ಸರಿಯಾಗಿ ನೋಡು. ‘ಮಾನ್ಯರೇ’ ಅನ್ನೋದು ನಂದೇ. ಅದೊಂದನ್ನ ಉಳಿಸಿದ್ದಾರೆ.”

ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ಒಂದು ಟಿಪ್ಪಣಿ: ‘ಮೂರನೇ ದಾಳಿಯ ಕುರಿತು ಅಧಿಕೃತ ಇತಿಹಾಸದಲ್ಲಿ ಇರುವಷ್ಟನ್ನೇ ಹೇಳತಕ್ಕದ್ದು.’

ಮಗಳು ಹುಬ್ಬೇರಿಸಿದಳು. ಆ ಇತಿಹಾಸ ಅವಳಿಗೂ ಬಾಯಿಪಾಠ. ಹಾಡಹಗಲಲ್ಲಿ ಎರಡು ದಾಳಿ ಸೋತವು, ಮೂರನೆಯದಕ್ಕೆ ಕರ್ನಲ್ ತಾವೇ ಮುಂದೆ ನುಗ್ಗಿ ಗುಡ್ಡ ಗೆದ್ದರು ಎಂದು ಅಚ್ಚಾಗಿದೆ. ಅಂಥ ದಾಳಿ ನಡೆದೇ ಇಲ್ಲ ಎಂದು ಅಪ್ಪ ಮೂರು ಸಲ ಕಾಗದ ಬರೆದಿದ್ದರು. ಮೂರಕ್ಕೂ ಉತ್ತರವಿಲ್ಲ.

“ಹೋಗಲೇಬೇಕಾ?”

“ಹೋಗ್ದೆ ಇದ್ರೆ ಅವರು ಹೇಳಿದ್ದೇ ನಿಜ ಆಗುತ್ತೆ,” ಎಂದರು ಮೇಷ್ಟ್ರು. “ಕೋಟು ಇಸ್ತ್ರಿಗೆ ಕೊಡು.”

ದಿನ ಬಂತು. ಮಗಳು ದವಾಖಾನೆಗೆ ಬೀಗ ಹಾಕಿ ಕಾರು ಓಡಿಸಿದಳು. ದಾರಿಯಲ್ಲಿ ಬಸ್ ನಿಲ್ದಾಣದ ಎದುರು ಇನ್ನೊಬ್ಬ ಮುದುಕರನ್ನು ಹತ್ತಿಸಿಕೊಂಡರು. ಯುದ್ಧದಲ್ಲಿ ಮೇಷ್ಟ್ರ ಪಕ್ಕದಲ್ಲಿ ವೈರ್‌ಲೆಸ್ ಪೆಟ್ಟಿಗೆ ಹೊತ್ತು ನಿಂತಿದ್ದವರು ಇವರು. ಪಡೆಯಲ್ಲಿ ಎಲ್ಲರ ಬಾಯಲ್ಲೂ ‘ರೇಡಿಯೋ’. ಈಗ ರೇಡಿಯೋಗೆ ಒಂದು ಕಿವಿ ಪೂರ್ತಿ ಹೋಗಿದೆ, ಬಾಯಿ ಮಾತ್ರ ಮೊದಲಿನ ಹಾಗೇ.

“ಸಾಹೇಬ್ರೇ, ಕೋಟಿನ ತೋಳಲ್ಲಿ ತೂತಿದೆ,” ಎಂದರು ಹತ್ತಿ ಕೂತ ತಕ್ಷಣ.

“ಗುಂಡಿಂದಲ್ಲ, ಹುಳು ತಿಂದಿದ್ದು.”

“ಅಲ್ಲಿ ಗುಂಡಿಂದು ಅಂತ ಹೇಳಿಬಿಡಿ, ಅದನ್ನೂ ಇತಿಹಾಸದಲ್ಲಿ ಹಾಕ್ಕೋತಾರೆ.”

ಅಕಾಡೆಮಿಯ ಮುಖ್ಯಸ್ಥ ಮೆಟ್ಟಿಲ ಹತ್ತಿರವೇ ಕಾಯುತ್ತಿದ್ದ. ಎದೆಯ ತುಂಬ ಪದಕ, ಭುಜದ ಮೇಲೆ ಜನರಲ್‌ನ ಪಟ್ಟಿ. ಮೂವತ್ತೈದು ವರ್ಷದ ಹಿಂದೆ ಇವನು ಮೇಷ್ಟ್ರ ಪಡೆಯಲ್ಲಿ ಎಲ್ಲರಿಗಿಂತ ಕಿರಿಯ ಅಧಿಕಾರಿ, ಆಗಿನ್ನೂ ಇಪ್ಪತ್ತೆರಡು. ‘ಮರಿ’ ಎಂದು ಕರೆಯುತ್ತಿದ್ದರು. ಇವತ್ತು ಸುತ್ತ ನಿಂತವರನ್ನೆಲ್ಲ ಬಿಟ್ಟು ಅವನು ಬಾಗಿ ಮೇಷ್ಟ್ರ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡ.

“ಸರ್, ಕಾರ್ಯಕ್ರಮಕ್ಕೆ ಇನ್ನೂ ಅರ್ಧ ಗಂಟೆ ಇದೆ. ಮೊದಲು ನೀವೊಬ್ರೇ ಚಿತ್ರ ನೋಡ್ಬೇಕು ಅಂತ ನನ್ನಾಸೆ.”

ಸಭಾಂಗಣದ ವೇದಿಕೆಯ ಹಿಂದಿನ ಗೋಡೆಗೆ ಚಿತ್ರವನ್ನು ತೂಗುಹಾಕಿದ್ದರು. ಖಾಲಿ ಕುರ್ಚಿಗಳ ನಡುವೆ ನಡೆದು ಹೋಗಿ ಮರಿ ನೀಲಿ ಬಟ್ಟೆಯನ್ನು ಒಂದು ಬದಿಗೆ ಎತ್ತಿ ಹಿಡಿದ. ಮೇಷ್ಟ್ರು ಕನ್ನಡಕ ಹಾಕಿಕೊಂಡು ನೋಡಿದರು. ಬಿಸಿಲಲ್ಲಿ ಹೊಳೆಯುವ ಇಳಿಜಾರು. ಪಿಸ್ತೂಲು ಎತ್ತಿ ಓಡುತ್ತಿರುವ ಒಬ್ಬ ಅಧಿಕಾರಿ. ಹುರಿಮೀಸೆ, ಕಬ್ಬಿಣದಂಥ ತೋಳು. ಅವನ ಹಿಂದೆ ಅರಚುತ್ತ ಬರುತ್ತಿರುವ ಸಿಪಾಯಿಗಳು. ಯಾರ ಮೈಮೇಲೂ ರಕ್ತವಿಲ್ಲ.

“ಇವನ್ಯಾರು?”

“ನೀವೇ ಸರ್.”

“ನಾನು ಯಾವತ್ತು ಮೀಸೆ ಬಿಟ್ಟಿದ್ದೆ?”

ಮರಿ ನಗಲು ನೋಡಿದ, ಆಗಲಿಲ್ಲ. “ಚಿತ್ರಕಾರರು ಸ್ವಲ್ಪ... ಸರ್, ನಿಮಗೆ ಸಿಗಬೇಕಾಗಿದ್ದು ಸಿಗಲಿಲ್ಲ. ಅದು ನನ್ನ ಮನಸ್ಸಲ್ಲಿ ಇಷ್ಟು ವರ್ಷ ಕೊರೀತಾ ಇತ್ತು. ಹೀಗಾದ್ರೂ ಸಿಗ್ಲಿ ಅಂತ ನಾನೇ ಕಚೇರಿಯಿಂದ ಕಚೇರಿಗೆ ಓಡಾಡಿ ಮಾಡಿಸ್ದೆ.”

“ಈ ಮೀಸೆಯವನಿಗೆ ಏನು ಸಿಕ್ರೆ ನನಗೇನು? ನನ್ನ ಹಿಂದೆ ಓಡಿ ಬರ್ತಿರೋ ಈ ಹುಡುಗ ಯಾರು?”

ಮರಿ ತಡವರಿಸಿದ. “ನಾನು.”

ಮೇಷ್ಟ್ರು ಊರುಗೋಲಿನ ತುದಿಯಿಂದ ಚಿತ್ರದಲ್ಲಿದ್ದ ಒಂದು ಬಂಡೆಯನ್ನು ತೋರಿಸಿದರು. “ಇದನ್ನ ದಾಟೋದ್ರೊಳಗೆ ನೀನು ಸತ್ತಿರ್ತಿದ್ದೆ.”

ಮರಿ ಬಟ್ಟೆಯನ್ನು ಕೆಳಗೆ ಬಿಟ್ಟ. ಅವನ ದನಿ ಇಳಿಯಿತು. “ಗೊತ್ತು ಸರ್. ಆದ್ರೆ ಕೇಂದ್ರ ಕಚೇರಿಯ ಹಿರಿಯ ಅಧಿಕಾರಿ ಬಂದಿದ್ದಾರೆ, ಮುಂದಿನ ಸಾಲಲ್ಲೇ ಕೂರ್ತಾರೆ. ದಯವಿಟ್ಟು ಆ ಎರಡು ಪುಟ ಓದಿಬಿಡಿ. ನನಗೋಸ್ಕರ.”

“ನಿನಗೋಸ್ಕರ ಒಂದು ಕೆಲಸ ಆಗ್ಲೇ ಮಾಡಿದ್ದೀನಿ,” ಎಂದರು ಮೇಷ್ಟ್ರು. “ಎರಡನೇದು ಕೇಳಬೇಡ.”

ಸಭಾಂಗಣ ತುಂಬಿತು. ಹೊಸ ಬೂಟುಗಳ ಪಾಲಿಶ್ ವಾಸನೆ. ಮಗಳೂ ರೇಡಿಯೋವೂ ಎರಡನೇ ಸಾಲಿನಲ್ಲಿ ಕೂತರು. ಪರದೆ ಸರಿಸಲು ಕರೆದಾಗ ಮೇಷ್ಟ್ರು ಎದ್ದು ಹೋದವರು ಹಗ್ಗದ ಕಡೆ ತಿರುಗಿಯೂ ನೋಡಲಿಲ್ಲ, ನೇರ ಮೈಕಿನ ಮುಂದೆ ನಿಂತರು. ಎರಡು ಪುಟವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು.

“ಈ ಬಟ್ಟೆ ಇಲ್ಲೇ ಇರ್ಲಿ. ಇದರ ಹಿಂದೆ ಇರೋದು ನಡೆದಿಲ್ಲ. ನಡೆದಿದ್ದನ್ನ ನಾನು ಹೇಳ್ತೀನಿ.”

ಮುಂದಿನ ಸಾಲಿನಲ್ಲಿ ಕೇಂದ್ರ ಕಚೇರಿಯ ಅಧಿಕಾರಿ ನೆಟ್ಟಗೆ ಕೂತ.

“ಗುಡ್ಡ ನಮಗೆ ಬೇಕೇ ಬೇಕಾಗಿತ್ತು. ಅಲ್ಲಿಂದ ಶತ್ರುಗಳ ಫಿರಂಗಿಗಳು ಕೆಳಗಿನ ರಸ್ತೆ ಮೇಲೆ ಗುಂಡು ಹಾಕ್ತಿದ್ವು. ಆಸ್ಪತ್ರೆ ಗಾಡಿಗಳೂ ಓಡಾಡೋ ಹಾಗಿರಲಿಲ್ಲ. ಯುದ್ಧವೇ ಬೇಡ ಅನ್ನೋನಲ್ಲ ನಾನು. ನಾಳೆ ಕರೆದ್ರೆ ನಾಳೆಯೇ ಕೋಲು ಊರ್ಕೊಂಡು ಬರ್ತೀನಿ. ಬಯಲು ಇಳಿಜಾರಲ್ಲಿ, ಹಗಲು ಹೊತ್ತು, ನೆಟ್ಟಗೆ ಹತ್ತಿ ಅಂತ ಆದೇಶ ಬಂತು. ಹತ್ತಿದ್ವಿ. ಹದಿನಾಲ್ಕು ಜನ ಸತ್ರು. ಆ ಇಳಿಜಾರಲ್ಲಿ ಮರೆ ಇಲ್ಲ, ಹೀಗೆ ಹತ್ತೋಕಾಗಲ್ಲ ಅಂತ ಆವತ್ತೇ ನನಗೆ ಗೊತ್ತಾಯ್ತು. ಮಾರನೇ ದಿನ ಮತ್ತೆ ಹತ್ತಿ ಅಂದ್ರು. ನಾನು ಸರಿ ಅಂದೆ.”

ಅವರು ಊರುಗೋಲನ್ನು ಮೈಕಿನ ಕಂಬಕ್ಕೆ ಒರಗಿಸಿದರು.

“ಹತ್ತೊಂಬತ್ತು ಜನ. ಗೊತ್ತಿದ್ದೂ ಯಾಕೆ ಸರಿ ಅಂದೆ? ಹೆದರಿಕೆಯಿಂದ. ಮೆಷಿನ್‌ಗನ್ನಿನ ಹೆದರಿಕೆ ಅಲ್ಲ. ಪುಕ್ಕಲ ಅಂತ ಮೇಲಿನವರು ಅಂದ್ಬಿಟ್ರೆ ಅನ್ನೋ ಹೆದರಿಕೆ. ಇಲ್ಲಿ ನಿಮಗೆ ಧೈರ್ಯ ಕಲಿಸಿದ್ದಾರಲ್ಲ, ಗುಂಡಿಗೆ ಎದೆ ಕೊಡೋದು, ಅದು ಅಷ್ಟೇನೂ ಕಷ್ಟ ಇಲ್ಲ. ಇಪ್ಪತ್ತು ವರ್ಷದ ಹುಡುಗರು ಪ್ರತಿ ಯುದ್ಧದಲ್ಲೂ ಕೊಟ್ಟಿದ್ದಾರೆ, ಅವರೂ ಕೊಟ್ರು. ನನ್ನ ಹತ್ರ ಆವತ್ತು ಇಲ್ಲದೇ ಇದ್ದ ಧೈರ್ಯ ಬೇರೆ. ವೈರ್‌ಲೆಸ್ ಫೋನ್ ಕೈಲಿ ಹಿಡ್ಕೊಂಡು ‘ಆಗಲ್ಲ’ ಅನ್ನೋದು. ಆ ಒಂದು ಮಾತು ಆಡದೇ ಹೋಗಿದ್ದಕ್ಕೆ ಹತ್ತೊಂಬತ್ತು ಜನರನ್ನ ಕಳಕೊಂಡೆ.”

ಮೈಕ್ ಸತ್ತಿತು. ಕೇಂದ್ರ ಕಚೇರಿಯ ಅಧಿಕಾರಿಯ ಕೈಸನ್ನೆ ಎಲ್ಲರಿಗೂ ಕಂಡಿತ್ತು. ಮೇಷ್ಟ್ರು ಮೈಕನ್ನು ಪಕ್ಕಕ್ಕೆ ತಳ್ಳಿದರು. ಮೈದಾನದ ಆಚೆ ತುದಿಗೆ ಕೇಳುವಂತೆ ಕೂಗಿ ಅಭ್ಯಾಸವಿದ್ದ ಗಂಟಲು ಅದು, ಎಪ್ಪತ್ತೈದಾದರೂ ಸವೆದಿರಲಿಲ್ಲ.

“ಮೂರನೇ ದಿನ ಅದೇ ಆದೇಶ. ಆವಾಗ ಬೇಡ ಅಂದೆ. ಗುಡ್ಡದ ಹಿಂದೆ ಒಂದು ಕೊರಕಲಿದೆ, ಎರಡು ದಿನ ಕೊಡಿ, ಹಗ್ಗ ಕಟ್ಟಿ ಮಂಜಿನಲ್ಲಿ ಹತ್ತಿಸ್ತೀನಿ ಅಂದೆ. ನನ್ನನ್ನ ಕೆಲಸದಿಂದ ಇಳಿಸಿದ್ರು. ಪಿಸ್ತೂಲು ಬಿಚ್ಚಿ ಮೇಜಿನ ಮೇಲಿಟ್ಟೆ. ಎರಡು ದಿನ ಆದ್ಮೇಲೆ ನನ್ನ ಜಾಗಕ್ಕೆ ಬಂದವರು ಅದೇ ಕೊರಕಲಲ್ಲಿ, ಅದೇ ಹಗ್ಗ ಹಿಡಿದು, ಬೆಳಗಿನ ಮಂಜಿನಲ್ಲಿ ಹತ್ತಿಸಿದ್ರು. ಮೂರು ಜನಕ್ಕೆ ಗಾಯ ಆಯ್ತು. ಸಾವು ಒಂದೂ ಇಲ್ಲ. ಗೆದ್ದ ಮೇಲೆ ಬೇಡ ಅಂದವನನ್ನ ಏನು ಮಾಡೋದು? ವಿಚಾರಣೆ ಕೂತವರು ದಾರಿ ತೋರಿಸಿದ್ರು: ವೈರ್‌ಲೆಸ್ ಕೆಟ್ಟಿತ್ತು, ಆದೇಶ ತಲುಪಲಿಲ್ಲ ಅಂತ ಬರಕೊಡಿ, ಬಿಟ್ಬಿಡ್ತೀವಿ.”

“ಕೆಟ್ಟಿರಲಿಲ್ಲ,” ಎಂದರು ಎರಡನೇ ಸಾಲಿನಿಂದ ರೇಡಿಯೋ, ಒಂದೇ ಕಿವಿಯವರು ಮಾತಾಡುವ ಹಾಗೆ ಜೋರಾಗಿ. “ನನ್ನ ಪೆಟ್ಟಿಗೆ ಯಾವತ್ತೂ ಕೆಟ್ಟಿಲ್ಲ.”

ಕೆಡೆಟ್‌ಗಳಲ್ಲಿ ನಗು ಹಬ್ಬಿತು, ತಕ್ಷಣ ನಿಂತಿತು. ಮರಿ ಎದ್ದು ನಿಂತಿದ್ದ. ಮೇಷ್ಟ್ರನ್ನು ಕೈಹಿಡಿದು ಇಳಿಸಿಕೊಂಡು ಹೋಗುತ್ತಾನೆ ಎಂದೇ ಎಲ್ಲರೂ ಅಂದುಕೊಂಡರು. ಮರಿ ಕೆಡೆಟ್‌ಗಳ ಕಡೆ ತಿರುಗಿದ.

“ಆ ಮೂರನೇ ದಾಳಿ ನಡೆದಿದ್ರೆ,” ಎಂದ, “ಮೊದಲ ಸಾಲನ್ನ ನಡೆಸಬೇಕಾಗಿದ್ದವನು ನಾನು. ಮುಂದುವರಿಸಿ, ಸರ್.”

ಹೇಳಿ ಕೂತುಕೊಂಡ. “ನಾನು ಹಾಗೆ ಬರಕೊಡಲಿಲ್ಲ. ಕರ್ನಲ್ ಆಗಿಯೇ ಉಳಿದೆ,” ಎಂದರು ಮೇಷ್ಟ್ರು. ಮರಿಯ ಪಕ್ಕದಲ್ಲಿದ್ದ ಕೇಂದ್ರ ಕಚೇರಿಯ ಅಧಿಕಾರಿ ಟೋಪಿ ಎತ್ತಿಕೊಂಡು ಹೊರಗೆ ನಡೆದ. ಅವನ ಬೂಟಿನ ಸದ್ದು ಬಾಗಿಲ ತನಕ ಕೇಳಿಸಿತು.

ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಕೈಯೆತ್ತಿದಳು. “ಸರ್, ಆದೇಶ ತಪ್ಪು ಅನ್ನಿಸಿದಾಗೆಲ್ಲ ಆಗಲ್ಲ ಅಂದ್ರೆ ಸೈನ್ಯ ನಡೆಯುತ್ತಾ?”

ಮೇಷ್ಟ್ರ ಮುಖ ಅರಳಿತು. ಇಂಥ ಪ್ರಶ್ನೆ ಕೇಳಿಸಿಕೊಂಡು ಎಷ್ಟೋ ವರ್ಷವಾಗಿತ್ತು.

“ನಡೆಯಲ್ಲ. ಅನ್ನಿಸಿದ್ರೆ ಸಾಲದು, ತಾಯಿ. ಆ ನೆಲದ ಮೇಲೆ ನೀನೇ ಹೊಟ್ಟೆ ಎಳ್ಕೊಂಡು ಹೋಗಿ ನೋಡಿರ್ಬೇಕು. ಬೇರೆ ದಾರಿ ಹುಡುಕಿ ಇಟ್ಕೊಂಡಿರ್ಬೇಕು. ಆಗಲ್ಲ ಅಂದ ಮೇಲೆ ಶಿಕ್ಷೆಗೆ ತಲೆ ಕೊಡ್ಬೇಕು, ನೆಪ ಹೇಳ್ಬಾರ್ದು. ಇದಿಷ್ಟೂ ಆಗಲ್ಲ ಅಂದ್ರೆ ಬಾಯಿ ಮುಚ್ಕೊಂಡು ಹತ್ತು. ಆದ್ರೆ ಎಲ್ಲರಿಗಿಂತ ಮುಂದೆ ನೀನೇ ಹತ್ತು.”

ಹುಡುಗಿ ಪುಸ್ತಕದಲ್ಲಿ ಬರೆದುಕೊಂಡಳು. ಪ್ರಶ್ನೆಗಳು ಮುಗಿಯುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ನೀಲಿ ಬಟ್ಟೆ ಹಾಗೇ ಇತ್ತು.

ತಿಂಗಳೊಳಗೆ ಮರಿಗೆ ವರ್ಗವಾಯಿತು. ಅಕಾಡೆಮಿಯಿಂದ ಎತ್ತಿ ದೂರದ ಉಗ್ರಾಣವೊಂದಕ್ಕೆ ಹಾಕಿದರು. ಅವನೇ ಫೋನ್ ಮಾಡಿ ಹೇಳಿದ: “ಇಲ್ಲಿ ಹತ್ತು ಸಾವಿರ ಕಂಬಳಿ ಇವೆ ಸರ್, ಒಂದೂ ಎದುರು ಮಾತಾಡಲ್ಲ. ಹಾಯಾಗಿದ್ದೀನಿ.” ದನಿಯಲ್ಲಿ ಕೊರಗು ಇದೆಯೇ ಎಂದು ಮೇಷ್ಟ್ರು ಕಿವಿಗೊಟ್ಟು ಕೇಳಿದರು. ಸ್ವಲ್ಪ ಇತ್ತು. ತಮ್ಮ ‘ಬೇಡ’ದ ಬೆಲೆಯನ್ನು ಇನ್ನೊಬ್ಬ ತೆತ್ತದ್ದು ಇದೇ ಮೊದಲು.

ಅದಾದ ಮೇಲೆ ಒಂದು ಬೆಳಿಗ್ಗೆ ಇಬ್ಬರು ಅಧಿಕಾರಿಗಳು ಮನೆಗೆ ಬಂದರು, ಒಬ್ಬ ನಡುವಯಸ್ಸಿನವನು, ಒಬ್ಬ ಎಳೆಯ. ರೋಗಿಗಳು ಕಾಯುವ ಬೆಂಚಿನ ಮೇಲೆ ಕೆನ್ನೆ ಊದಿದ ಹೆಂಗಸಿನ ಪಕ್ಕದಲ್ಲಿ ಹತ್ತು ನಿಮಿಷ ಕೂತ ಮೇಲೆ ಮಗಳು ಒಳಗೆ ಕರೆದಳು. ನಡುವಯಸ್ಸಿನವನು ಟೈಪು ಮಾಡಿದ ಕಾಗದವನ್ನು ಮೇಜಿನ ಮೇಲಿಟ್ಟ. ವಯೋಸಹಜ ಮರೆವಿನಿಂದಾಗಿ ತಾವು ಅಂದು ಆಡಿದ ಕೆಲವು ಮಾತುಗಳು ವಾಸ್ತವಕ್ಕೆ ದೂರವಾಗಿದ್ದವು ಎಂದು ಅದರಲ್ಲಿತ್ತು. ಕೆಳಗೆ ಸಹಿಗೆ ಜಾಗ.

“ಸಣ್ಣ ವಿಷಯ ಸರ್. ನಿಮ್ಮ ಗೌರವಕ್ಕೆ ಏನೂ ಕುಂದಿಲ್ಲ. ಈ ವಯಸ್ಸಲ್ಲಿ ಯಾರಿಗಾದ್ರೂ ಮರೆವು ಸಹಜ.”

ಬಾಗಿಲಲ್ಲಿ ನಿಂತ ಮಗಳು ಏನೋ ಹೇಳಹೊರಟಳು. ಮೇಷ್ಟ್ರು ಕೈಯೆತ್ತಿ ತಡೆದರು.

“ಮರೆವು,” ಎಂದರು. “ಕೂತ್ಕೊಳ್ಳಿ ಇಬ್ರೂ. ಮೊದಲನೇ ದಾಳಿ, ಬಲಗಡೆ ತುದಿಯಿಂದ ಶುರು ಮಾಡ್ತೀನಿ.”

ಮೊದಲನೆಯವನ ಹೆಸರು ಹೇಳಿದರು. ಕ್ಷೌರದಂಗಡಿಯವನ ಮಗ, ಇಪ್ಪತ್ತೊಂದು ವರ್ಷ, ಕುತ್ತಿಗೆಗೆ ಗುಂಡು ಬಿತ್ತು, ಹನ್ನೆರಡು ಹೆಜ್ಜೆ ನಡೆದಿದ್ದ. ಎರಡನೆಯವನು ಈಜಲು ಬಾರದೆ ಎಲ್ಲರಿಂದ ಗೇಲಿ ಮಾಡಿಸಿಕೊಳ್ಳುತ್ತಿದ್ದವನು, ಮದುವೆಯಾಗಿ ನಾಲ್ಕು ತಿಂಗಳು. ಮೂರನೆಯವನು ಪಡೆಯ ಅಡುಗೆಯವನು, ಬರಬೇಡ ಅಂದರೂ ಕೇಳದೆ ಬಂದವನು. ನಾಲ್ಕು ಮತ್ತು ಐದು ಅಣ್ಣ ತಮ್ಮಂದಿರು. ಅವರ ಅಮ್ಮನಿಗೆ ಎರಡು ಕಾಗದ ಬರೆಯಬೇಕೋ ಒಂದೋ ಎಂದು ಇಡೀ ದಿನ ಯೋಚಿಸಿದ್ದನ್ನೂ ಹೇಳಿದರು.

ಏಳನೆಯ ಹೆಸರಿಗೆ ನಡುವಯಸ್ಸಿನವನು ಗಡಿಯಾರ ನೋಡಿಕೊಂಡು, “ಸಾಕು ಸರ್,” ಎಂದ.

“ನನಗೆ ಸಾಕಾಗಿಲ್ಲ. ಇನ್ನೂ ಇಪ್ಪತ್ತಾರು ಇವೆ.”

ಮಗಳು ಹೊರಗೆ ಹೋಗಿ, ಕೆನ್ನೆ ಊದಿದ ಹೆಂಗಸಿಗೆ ನೋವಿನ ಮಾತ್ರೆ ಕೊಟ್ಟು, ಸ್ವಲ್ಪ ತಡವಾಗುತ್ತೆ ಎಂದು ಹೇಳಿ ಬಂದಳು. ಎಳೆಯ ಅಧಿಕಾರಿ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದ. ಮೇಷ್ಟ್ರು ಹತ್ತನೆಯವನ ಊರು ಹೇಳಿದಾಗ ಅವನು ಮೆಲ್ಲಗೆ, “ಅದು ನಮ್ಮೂರಿನ ಪಕ್ಕದ್ದು,” ಎಂದ.

“ಹಾಗಾದ್ರೆ ಅವನ ತಂಗಿ ಇನ್ನೂ ಇರ್ಬಹುದು. ಹೊಲಿಗೆ ಅಂಗಡಿ ಇಟ್ಟಿದ್ಲು. ವಿಚಾರಿಸಿ ನೋಡು,” ಎಂದು ಮೇಷ್ಟ್ರು ಹನ್ನೊಂದನೆಯವನ ಹೆಸರಿಗೆ ಹೋದರು.